ನಾನೂರೈವತ್ತು ಕುದುರೆಗೆ ನಾಲ್ಕು ಲಾಳ

ಕಾರು ಜಾರಿದ್ದು ಒಂದೇ ಒಂದು ಗೇಣು. ಅಳತೆಪಟ್ಟಿ ಹಿಡಿದು ನೋಡಿದವರು ಯಾರೂ ಇರಲಿಲ್ಲ. ಆದರೆ ಹಿಂದಿನ ಸೀಟಿನಲ್ಲಿ ಕೂತಿದ್ದ ಡಾಕ್ಟರಮ್ಮ ಹಾಕಿದ ಕೂಗಿನ ಪ್ರಕಾರ ಅದು ಒಂದು ಹರದಾರಿಗೆ ಕಡಿಮೆಯಿರಲಿಲ್ಲ. ತುಂತುರು ಮಳೆ, ಗುಡ್ಡದ ರಸ್ತೆಯ ಮೊಣಕೈ ತಿರುವು. ಕಾರಿನ ಹಿಂಭಾಗ ಒಮ್ಮೆ ಸೊಂಟ ಕುಲುಕಿ, ನಾಚಿಕೊಂಡು, ಮತ್ತೆ ಸಭ್ಯವಾಗಿ ಸಾಲಿಗೆ ಬಂತು. ಅಷ್ಟೇ. ಯಾರಿಗೂ ಏನೂ ಆಗಲಿಲ್ಲ. ಆಗುವುದೆಲ್ಲ ಮಾರನೆಯ ಬೆಳಿಗ್ಗೆಗೆ ಕಾದಿತ್ತು.

ಓಡಿಸುತ್ತಿದ್ದವನು ನಿಧಾನಪ್ಪ. ಹೆತ್ತವರು ಇಟ್ಟ ಹೆಸರು ಬೇರೆ. ಅದು ಅವನ ಲೈಸೆನ್ಸಿನಲ್ಲಿ ಮಾತ್ರ ಉಳಿದಿತ್ತು. ಮೂವತ್ತು ಕಿಲೋಮೀಟರ್ ವೇಗವನ್ನು ಅವನು ಲಕ್ಷ್ಮಣರೇಖೆಯಂತೆ ಪಾಲಿಸುವವನು. ಹಿಂದೆ ಹಾಲಿನ ವ್ಯಾನು ಓಡಿಸಿದ್ದ. ಅಂಗಡಿ ಮುಟ್ಟುವಷ್ಟರಲ್ಲಿ ಹಾಲು ಮೊಸರಾಗುತ್ತಿತ್ತು. ಆಂಬುಲೆನ್ಸು ಓಡಿಸಿದ್ದ, ರೋಗಿಯೊಬ್ಬ ನಡುದಾರಿಯಲ್ಲಿ ಗುಣವಾಗಿ ಇಳಿದು ನಡೆದುಹೋದ ಮೇಲೆ ಆಸ್ಪತ್ರೆಯವರು ಕೈಮುಗಿದು ಕಳಿಸಿಕೊಟ್ಟಿದ್ದರು. ಐವತ್ತೆರಡರ ವಯಸ್ಸಿನಲ್ಲಿ ಅವನನ್ನು ಸಹಿಸಿಕೊಂಡ ಸ್ಟೀರಿಂಗು ಭೂಮಂಡಲದಲ್ಲಿ ಒಂದೇ ಒಂದು, ಅದು ಹಲ್ಲಿನ ಡಾಕ್ಟರಮ್ಮನದು.

ವಿಧಿಯ ಕುಚೋದ್ಯ ನೋಡಿ. ಆ ಕಾರಿನ ಹೊಟ್ಟೆಯಲ್ಲಿ ನಾನೂರೈವತ್ತು ಕುದುರೆಗಳ ಬಲವಿತ್ತು. ಕಂಪನಿಯವರು ಅದನ್ನು ಗಾಳಿಯನ್ನು ಸೀಳಲೆಂದು ಕಟ್ಟಿದ್ದರು. ನಿಧಾನಪ್ಪ ಅದರಲ್ಲಿ ಗಾಳಿಗೆ ದಾರಿ ಬಿಟ್ಟುಕೊಂಡು ಹೋಗುತ್ತಿದ್ದ. ಸೈಕಲ್ಲಿನವರು ಗಂಟೆ ಬಾರಿಸಿ ಪಕ್ಕಕ್ಕೆ ಸರಿಸಿಕೊಂಡು ಮುಂದೆ ಹೋಗುತ್ತಿದ್ದರು. ನಾನೂರೈವತ್ತು ಕುದುರೆಗಳೂ ನಾಲ್ಕು ವರ್ಷದಿಂದ ಆಕಳಿಸುತ್ತಿದ್ದವು.

ಬೆಳಿಗ್ಗೆ ಎಂಟಕ್ಕೆ ಡಾಕ್ಟರಮ್ಮ ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ನಿಂತು ತೀರ್ಪು ಕೊಟ್ಟರು.

"ಇವತ್ತು ಮಧ್ಯಾಹ್ನದೊಳಗೆ ಹೊಸ ಟಯರು ಹಾಕ್ಸು. ರಸ್ತೆನ ಗಟ್ಟಿಯಾಗಿ ಹಿಡ್ಕೊಳ್ಳೋವಂಥದ್ದು. ಯಾವುದು, ಏನು ಅಂತ ನನ್ನ ಕೇಳ್ಬೇಡ, ನೀನೇ ಆರಿಸು. ಸಂಜೆ ನಾಲ್ಕಕ್ಕೆ ಅದೇ ತಿರುವಿನಲ್ಲಿ ನೋಡ್ತೀನಿ. ಕೂದಲೆಳೆಯಷ್ಟು ಜಾರಿದ್ರೂ ನಾಳೆಯಿಂದ ನೀನು ಬರೋದು ಬೇಡ."

"ಅಮ್ಮಾ, ಹಳೇ ಟಯರು ಇನ್ನೂ ಸವೆದಿಲ್ಲ..."

"ಸವೆಯೋ ಹಾಗೆ ನೀನು ಯಾವತ್ತು ಓಡಿಸಿದೀಯ?"

ಮಾತು ನಿಜ. ಹಳೆಯ ಟಯರುಗಳು ನಿಂತು ನಿಂತು, ತಣ್ಣಗಿದ್ದು ತಣ್ಣಗಿದ್ದು, ಪಂಡಿತರ ಮನಸ್ಸಿನಂತೆ ಗಟ್ಟಿಯಾಗಿಬಿಟ್ಟಿದ್ದವು. ನಿಧಾನಪ್ಪ ಮೂಲೆಗೆ ಹೋಗಿ ಹೆಂಡತಿಗೆ ಫೋನು ಮಾಡಿ ಸಂಗತಿ ಹೇಳಿದ. ಆಕೆ, "ಈ ಕೆಲ್ಸಾನೂ ಹೋದ್ರೆ ನಿಮ್ಮನ್ನ ಇನ್ಯಾರ್ರೀ ಇಟ್ಕೋತಾರೆ? ಎತ್ತಿನಗಾಡಿಗೂ ಈಗ ಅವಸರ ಬಂದಿದೆ" ಎಂದಳು. ಹೆಂಡತಿಯೆಂದರೆ ಹೀಗೆ ಧೈರ್ಯ ಹೇಳಬೇಕು.

ಅಷ್ಟರಲ್ಲಿ ಸುದ್ದಿ ಕ್ಲಿನಿಕ್ಕಿನ ಗೋಡೆಗಳನ್ನು ದಾಟಿ ಹಿಂಬದಿಯ ಕೋಣೆಗೆ ತಲುಪಿತ್ತು. ಅಲ್ಲಿ ಕಟ್ಟಿಸಿಕೊಳ್ಳುವ ಹಲ್ಲುಗಳ ಸೆಟ್ಟು ಮಾಡುವವನಿದ್ದ. ಬೇರೆಯವರು ಅವನನ್ನು ಏನೆಂದು ಕರೆಯುತ್ತಿದ್ದರೋ, ತನ್ನನ್ನು ತಾನು ಅವನು ದಂತಶಿಲ್ಪಿ ಎಂದು ಕರೆದುಕೊಳ್ಳುತ್ತಿದ್ದ. ಅವನು ಒಂದು ಕೈಯಲ್ಲಿ ಬಟ್ಟಲು, ಇನ್ನೊಂದರಲ್ಲಿ ಚಮಚ ಹಿಡಿದು ಓಡಿಬಂದ. ಬಟ್ಟಲಲ್ಲಿ ಗುಲಾಬಿ ಬಣ್ಣದ ಮುದ್ದೆ.

"ಸರಿ ಸರಿ, ಅಚ್ಚು ತೆಗೀಬೇಕು."

"ಯಾರ ಬಾಯಿದು?"

"ಟಯರಿಂದು! ಹಿಡಿತ ಅನ್ನೋದು ಎಲ್ಲಿರುತ್ತಯ್ಯಾ? ಗೀರಿನಲ್ಲಿ, ಗೀರಿನಲ್ಲಿ!" ಟಯರಿನ ಮೇಲಿನ ಗೀರುಗಳನ್ನು ಅವನು ಬೆರಳಿನಿಂದ ತೋರಿಸಿದ. "ದವಡೆ ಹಲ್ಲು ಯಾಕೆ ಜಗಿಯುತ್ತೆ? ಗುಂಡಿ ಇದೆ, ಗೀರು ಇದೆ, ಅದಕ್ಕೆ. ಇದರ ಅಚ್ಚು ತೆಗ್ದು ಅಂಗಡಿಗೆ ಒಯ್ದು, ಇದಕ್ಕಿಂತ ಆಳ ಇರೋದು ಕೊಡಿ ಅನ್ನು. ಮುಗೀತು."

ಬೇಡ ಎನ್ನುವಷ್ಟರಲ್ಲಿ ಮುದ್ದೆ ಟಯರಿಗೆ ಅಂಟಿತ್ತು. ಅದು ಗಟ್ಟಿಯಾಗುವ ತನಕ ಇಬ್ಬರೂ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತರು. ಹಲ್ಲುನೋವಿಗೆ ಬಂದಿದ್ದ ಮುದುಕಿಯೊಬ್ಬಳು ಕೆನ್ನೆ ಹಿಡಿದುಕೊಂಡು ಅದನ್ನು ನೋಡಿ, "ಪಾಪ, ಅದಕ್ಕೂ ಹುಳ ಬಿದ್ದಿದೆಯಾ?" ಎಂದು ಕೇಳಿದಳು.

ಅಚ್ಚು ಕಿತ್ತಾಗ ಬಂದದ್ದು ಅರ್ಧ. ಇನ್ನರ್ಧ ಗೀರುಗಳೊಳಗೇ ಉಳಿಯಿತು. ಟಯರು ಈಗ ನಗುವವರ ಒಸಡಿನಂತೆ ಕಾಣುತ್ತಿತ್ತು.

ಕಾರು ಹೊರಡುವ ಹೊತ್ತಿಗೆ ಮುಂದಿನ ಬಾಗಿಲು ತೆರೆದು ಮೇಷ್ಟ್ರು ಕೂತಾಗಿತ್ತು. ಅವರು ಡಾಕ್ಟರಮ್ಮನ ಸೋದರಮಾವ, ನಿವೃತ್ತ ಹೆಡ್ ಮಾಸ್ತರು. ನಿವೃತ್ತಿಯಾದದ್ದು ಸಂಬಳಕ್ಕೆ ಮಾತ್ರ, ಸಲಹೆಗಲ್ಲ. "ಒಬ್ಬನೇ ಹೋದ್ರೆ ಅಂಗಡಿಯೋನು ನಿನ್ನ ತಲೆ ಬೋಳಿಸ್ತಾನೆ. ನಡಿ" ಎಂದರು. ದಂತಶಿಲ್ಪಿ ಅರ್ಧ ಅಚ್ಚನ್ನು ಮಗುವಿನಂತೆ ಎದೆಗವುಚಿಕೊಂಡು ಹಿಂದೆ ಕೂತ. ನಾಲ್ಕನೆಯವನಾಗಿ ವಿವೇಕವೂ ಹತ್ತಬಹುದಿತ್ತು. ಅದಕ್ಕೆ ಜಾಗ ಉಳಿದಿರಲಿಲ್ಲ.

ಟಯರಂಗಡಿಯವನು ಲೋಕವನ್ನು ರಬ್ಬರಿನ ವಾಸನೆಯ ಮೂಲಕ ಬಲ್ಲ ಮನುಷ್ಯ. ಕಾರನ್ನು ನೋಡಿದ, ನಿಧಾನಪ್ಪನನ್ನು ನೋಡಿದ, ಗುಲಾಬಿ ಅಚ್ಚನ್ನು ನೋಡಿದ. ಮೂರು ಟಯರುಗಳನ್ನು ಉರುಳಿಸಿ ತಂದು ಸಾಲಾಗಿ ನಿಲ್ಲಿಸಿದ.

"ನೋಡಿ, ಪಕ್ಕದ ಮೈಮೇಲೆ ಸವೆತದ ಅಂಕೆ ಬರೆದಿರುತ್ತೆ. ಇದು ಐನೂರು. ಗಟ್ಟಿ. ಸವೆಯಲ್ಲ, ಹಿಡಿಯೋದೂ ಇಲ್ಲ. ಈ ಎರಡು ಇನ್ನೂರು. ಮೆತ್ತಗೆ. ಚೆನ್ನಾಗಿ ಹಿಡಿಯುತ್ತೆ, ಬೇಗ ಸವೆಯುತ್ತೆ. ಹಿಡೀಲೂಬೇಕು, ಸವೆಯಲೂಬಾರದು ಅನ್ನೋರು ಬೇರೆ ಲೋಕದಲ್ಲಿ ಅಂಗಡಿ ಹುಡುಕ್ಬೇಕು."

ಮೇಷ್ಟ್ರು ಕನ್ನಡಕ ಏರಿಸಿದರು. "ಐನೂರು ಬಂದಿರೋನನ್ನ ಬಿಟ್ಟು ಇನ್ನೂರು ಬಂದೋನನ್ನ ತಗೋ ಅಂತೀಯಲ್ಲಯ್ಯಾ! ಮೂವತ್ತಾರು ವರ್ಷ ಪೇಪರು ತಿದ್ದಿದೀನಿ. ಇನ್ನೂರು ಬಂದೋನು ಫೇಲು."

"ಸ್ವಾಮಿ, ಅದು ಮಾರ್ಕ್ಸ್ ಅಲ್ಲ."

"ಅಂಕೆ ಅಂದ್ಮೇಲೆ ಅದು ಮಾರ್ಕ್ಸೇ."

"ಅದೆಲ್ಲ ಇರ್ಲಿ, ಇದರಲ್ಲಿ ಗೀರೇ ಇಲ್ವಲ್ಲ!" ದಂತಶಿಲ್ಪಿ ಎರಡನೆಯ ಟಯರನ್ನು ಸವರಿ ಹೌಹಾರಿದ. "ಬೊಚ್ಚುಬಾಯಿ! ಇದು ಏನು ಜಗಿಯುತ್ತೆ?"

"ಗೀರು ಇರೋದು ನೀರು ಹರಿದುಹೋಗೋಕೆ ಕಣಣ್ಣ. ಒಣ ರಸ್ತೆಯಲ್ಲಿ ಗೀರು ಕಮ್ಮಿ ಇದ್ದಷ್ಟೂ ರಬ್ಬರು ನೆಲಕ್ಕೆ ಜಾಸ್ತಿ ತಾಗುತ್ತೆ. ಈ ಬೊಚ್ಚುಬಾಯಿ ಒಣ ರಸ್ತೆಯಲ್ಲಿ ದೇವರು. ನೀರು ಕಂಡ್ರೆ ಮಾತ್ರ ದೆವ್ವ. ಮೂರನೇದು ನೋಡಿ. ರಬ್ಬರು ಅದೇ ಥರ ಮೆತ್ತಗೆ, ನೀರಿಗೆ ನಾಲ್ಕು ಕಾಲುವೆ ಇದೆ. ಪಂದ್ಯಕ್ಕಲ್ಲ, ಬೀದಿಗೆ."

ಆಮೇಲೆ ನಡೆದ ಚರ್ಚೆಯನ್ನು ಪೂರ್ತಿ ಹೇಳಿದರೆ ಕೇಳುವವರ ಆಯುಸ್ಸು ಸವೆದೀತು. ಮೇಷ್ಟ್ರು ಐನೂರನ್ನು ತಬ್ಬಿಕೊಂಡರು. ದಂತಶಿಲ್ಪಿ ಟ್ರಾಕ್ಟರಿನ ಟಯರೊಂದರ ಮುಂದೆ ನಿಂತು, "ಆಹಾ, ಏನು ದವಡೆ!" ಎಂದು ಭಕ್ತನಾದ. ಹನ್ನೊಂದು ಗಂಟೆಯಾಯಿತು. ಇಬ್ಬರೂ ಏಕಕಾಲಕ್ಕೆ ನಿಧಾನಪ್ಪನ ಕಡೆ ತಿರುಗಿ, "ನೀನು ಹೇಳಯ್ಯಾ" ಎಂದರು.

ಜೀವಮಾನದಲ್ಲಿ ಅವನನ್ನು ಯಾರೂ ಅಭಿಪ್ರಾಯ ಕೇಳಿರಲಿಲ್ಲ. ಅವನು ಬಗ್ಗಿದ. ಒಂದೊಂದು ಟಯರಿಗೂ ಹೆಬ್ಬೆರಳಿನ ಉಗುರು ಒತ್ತಿ ನೋಡಿದ. ಐನೂರರ ಮೇಲೆ ಉಗುರೇ ಬಾಗಿತು. ಮೂರನೆಯದರ ಮೇಲೆ ಉಗುರು ಮೆಲ್ಲಗೆ ಇಳಿದು, ಎತ್ತಿದಾಗ ಗುರುತು ತುಸುಹೊತ್ತು ನಿಂತು, ಮತ್ತೆ ಮಾಯವಾಯಿತು. ಅಂಗೈ ಇಟ್ಟ, ರಬ್ಬರು ಅಂಗೈಯನ್ನು ಬಿಡಲೋ ಬೇಡವೋ ಎಂಬಂತೆ ಹಿಡಿದು ಬಿಟ್ಟಿತು. ನಿನ್ನೆಯ ತುಂತುರು ನೆನಪಾಯಿತು. ತಿರುವು ನೆನಪಾಯಿತು. ಬೋಳು ಟಯರಿನ ಕಡೆ ನೋಡಿ ಬೇಡವೆಂದು ತಲೆಯಾಡಿಸಿದ.

"ಇದು. ಮೂರನೇದು. ಹಿಂದಕ್ಕೆ ಅಗಲದ್ದು, ಮುಂದಕ್ಕೆ ಒಂದು ಬೆರಳು ಕಮ್ಮಿ. ಈ ಕಾರಿಗೆ ಹಾಗೇ ಇರೋದು."

ಅಂಗಡಿಯವನು ಮೊದಲ ಬಾರಿಗೆ ಅವನನ್ನು ಗೌರವದಿಂದ ನೋಡಿದ. "ನಿಮಗೆ ಗೊತ್ತಿದೆ ಅಂದ್ಮೇಲೆ ಈ ಇಬ್ಬರನ್ನ ಯಾಕೆ ಕರ್ಕೊಂಡು ಬಂದ್ರಿ?"

"ನಾನು ಕರ್ಕೊಂಡು ಬರ್ಲಿಲ್ಲ" ಎಂದ ನಿಧಾನಪ್ಪ, ಸತ್ಯವಾಗಿ.

ಟಯರುಗಳು ಕೂತವು. ಇಲ್ಲಿಗೆ ಕಥೆ ಮುಗಿಯಬಹುದಿತ್ತು, ಜಗತ್ತಿನಲ್ಲಿ ಉಪಕಾರಿಗಳು ಇಲ್ಲದಿದ್ದರೆ. ನಿಧಾನಪ್ಪ ಒಂದು ಲೋಟ ಚಹಾ ಕುಡಿದು ಬರುವಷ್ಟರಲ್ಲಿ ದಂತಶಿಲ್ಪಿ ಮೊಣಕಾಲೂರಿ ಬೆವರು ಸುರಿಸುತ್ತಿದ್ದ. ಹಲ್ಲಿನ ಸೆಟ್ಟಿಗೆ ಕೊನೆಯಲ್ಲಿ ಹಚ್ಚುವ ಹೊಳಪಿನ ಎಣ್ಣೆಯನ್ನು ಅವನು ಸದಾ ಜೇಬಿನಲ್ಲಿ ಇಟ್ಟುಕೊಂಡಿರುತ್ತಿದ್ದ. ನಾಲ್ಕೂ ಟಯರು, ಪಕ್ಕದ ಮೈಯಲ್ಲ, ನೆಲ ಮುಟ್ಟುವ ಮೈ, ಕನ್ನಡಿಯಂತೆ ಫಳಫಳ ಎನ್ನುತ್ತಿತ್ತು.

"ನೋಡು! ಡಾಕ್ಟರಮ್ಮ ಮುಖ ನೋಡ್ಕೋಬಹುದು!"

ನಿಧಾನಪ್ಪ ಬೆವರುತ್ತಲೇ ಗೇರು ಹಾಕಿದ. ಕಾರು ಗೇಟಿನತ್ತ ಹೊರಟಿತು. ಬ್ರೇಕು ಒತ್ತಿದ. ಕಾರು ಗೇಟಿನತ್ತಲೇ ಹೊರಟಿತು. ಹಂಸ ಕೊಳದ ಮೇಲೆ ತೇಲುವಂತೆ, ಶಬ್ದವಿಲ್ಲದೆ, ಗಂಭೀರವಾಗಿ ತೇಲಿ ಹೋಗಿ ಹಳೆಯ ಟಯರುಗಳ ರಾಶಿಗೆ ಮೂತಿ ಇಟ್ಟಿತು. ರಾಶಿಯ ಮೇಲಿನ ಟಯರೊಂದು ಉರುಳಿ ಬಂದು ಬಾನೆಟ್ಟಿನ ಮೇಲೆ ಹೂಮಾಲೆಯಂತೆ ಕೂತಿತು.

ಎಣ್ಣೆಯನ್ನು ಸೋಪು ನೀರಿನಲ್ಲಿ ಉಜ್ಜಿ ಉಜ್ಜಿ ತೆಗೆದದ್ದಾಯಿತು. ಅಂಗಡಿಯವನು ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತ ಉಳಿದರ್ಧ ಕಹಿ ಸುದ್ದಿ ಕೊಟ್ಟ. "ಹೊಸ ಟಯರಿನ ಮೇಲೆ ಕಾರ್ಖಾನೆಯ ಅಚ್ಚಿನಿಂದ ಬಂದ ಜಾರು ಪದರ ಬೇರೆ ಇರುತ್ತೆ. ನೂರೈವತ್ತು ಕಿಲೋಮೀಟರ್ ಓಡಿಸಿ ಅದನ್ನ ಸವೆಸ್ಬೇಕು. ಆಮೇಲೆ ನೋಡಿ ಹಿಡಿತ ಅಂದ್ರೆ ಏನು ಅಂತ. ನಾಳೆ ನಾಡಿದ್ದು ಆರಾಮಾಗಿ ಓಡಿಸಿ."

"ಪರೀಕ್ಷೆ ನಾಲ್ಕಕ್ಕೆ" ಎಂದ ನಿಧಾನಪ್ಪ. ಗೋಡೆಯ ಗಡಿಯಾರದಲ್ಲಿ ಹನ್ನೆರಡೂಕಾಲು.

ಮೇಷ್ಟ್ರು ಕಣ್ಣು ಮುಚ್ಚಿ ಬೆರಳು ಮಡಿಸಿದರು. "ನಿನ್ನ ಮೂವತ್ತರ ವೇಗದಲ್ಲಿ ಐದು ಗಂಟೆ ಬೇಕು. ಇರೋದು ಮೂರು ಮುಕ್ಕಾಲು. ಆದ್ದರಿಂದ ವೇಗ ಗಂಟೆಗೆ ನಲವತ್ತು."

"ನಲವತ್ತಾ!" ಎಂದ ನಿಧಾನಪ್ಪ. ಬೆಂಕಿಗೆ ಹಾರು ಎಂದಿದ್ದರೆ ಎಷ್ಟು ಎತ್ತರದಿಂದ ಎಂದು ಕೇಳುತ್ತಿದ್ದ. ಆದರೆ ಕೆಲಸ! ಕಣ್ಣಮುಂದೆ ಡಾಕ್ಟರಮ್ಮ ಬಂದರು. ಕಿವಿಯಲ್ಲಿ ಹೆಂಡತಿ ಬಂದಳು. ದೇವರೇ ಎಂದು ಕಾಲು ಒತ್ತಿದ. ಮುಳ್ಳು ಮೂವತ್ತೊಂದಕ್ಕೆ ಬಂತು, ಮೂವತ್ತೈದಕ್ಕೆ ಬಂತು, ನಲವತ್ತು ಮುಟ್ಟಿತು. ನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಕುದುರೆಗಳು ಆಕಳಿಕೆ ನಿಲ್ಲಿಸಿ ಕಿವಿ ನಿಮಿರಿಸಿದವು.

ಊರಾಚೆ ಹೋಗಿ ದಾರಿ ತಪ್ಪಿದರೆ ನಾಲ್ಕಕ್ಕೆ ವಾಪಸು ಬರಲಾಗದೆಂದು ಮೇಷ್ಟ್ರು ಹೆದರಿಸಿದ್ದರಿಂದ, ಅವನು ಹೊರವಲಯದ ದೊಡ್ಡ ವೃತ್ತವನ್ನೇ ಸುತ್ತತೊಡಗಿದ. ಹತ್ತು ಸುತ್ತು. ಇಪ್ಪತ್ತು ಸುತ್ತು. ನಡುವೆ ಛತ್ರಿಯ ಕೆಳಗೆ ನಿಂತಿದ್ದ ಪೊಲೀಸಿನವನು ಮೊದಲು ನಕ್ಕ, ಆಮೇಲೆ ಎಣಿಸಿದ, ಮೂವತ್ತೊಂದನೆಯ ಸುತ್ತಿಗೆ ಕೈ ಅಡ್ಡ ಹಿಡಿದ.

"ಏನ್ರೀ, ಯಾವ ಕಡೆ ಹೋಗ್ಬೇಕು ಅಂತ ಇನ್ನೂ ತೀರ್ಮಾನ ಆಗ್ಲಿಲ್ವಾ?"

"ಹಾಗಲ್ಲ ಸಾರ್, ಟಯರು ಸವೆಸ್ತಿದೀನಿ."

"ಯಾವಾಗ ಹಾಕ್ಸಿದ್ದು?"

"ಈಗ ಒಂದು ಗಂಟೆ ಆಯ್ತು."

ಪೊಲೀಸಿನವನು ಕಿಟಕಿಗೆ ಮೂಗು ತಂದು ಉಸಿರೆಳೆದು ನೋಡಿದ. ಸಾರಾಯಿಯ ವಾಸನೆಯಿಲ್ಲ; ಸೋಪಿನದು ಇತ್ತು. ಅವನಿಗೆ ಇನ್ನೂ ಗೊಂದಲವಾಯಿತು.

ಹಿಂದಿನಿಂದ ದಂತಶಿಲ್ಪಿ ಕತ್ತು ಚಾಚಿದ. "ಸಾರ್, ಒಂದು ವಿಷ್ಯ. ಒಂದೇ ದಿಕ್ಕಿಗೆ ಸುತ್ತಿದ್ರೆ ಒಂದೇ ಪಕ್ಕದ ಟಯರು ಜಾಸ್ತಿ ಸವೆಯುತ್ತೆ. ಒಂದೇ ದವಡೆಯಲ್ಲಿ ಜಗಿದ ಹಾಗೆ. ಇನ್ನು ಮೂವತ್ತೊಂದು ಸುತ್ತು ಉಲ್ಟಾ ಹೋಗ್ಬಹುದಾ?"

"ಎದುರು ಬರೋ ಲಾರಿಗಳನ್ನ ಕೇಳಿ" ಎಂದು ಪೊಲೀಸಿನವನು ಬಹಳ ವಿನಯದಿಂದ ಹೆದ್ದಾರಿಯ ಕಡೆ ಕೈ ತೋರಿಸಿದ. "ಹೋಗಿ. ನೇರ ಹೋಗಿ. ನನ್ನ ಕಣ್ಣಿಗೆ ಕಾಣದಷ್ಟು ದೂರ ಹೋಗಿ."

ಹೋದರು. ಕಳೆದ ಹೊತ್ತನ್ನು ತುಂಬಲು ಮೇಷ್ಟ್ರು ವೇಗವನ್ನು ಐವತ್ತೈದಕ್ಕೆ ತಿದ್ದಿದರು. ನಿಧಾನಪ್ಪ ಒಂದು ಕಣ್ಣು ರಸ್ತೆಗೆ, ಇನ್ನೊಂದು ದೇವರಿಗೆ ಇಟ್ಟು ಓಡಿಸಿದ. ಬಿಸಿಲು ಏರಿತು, ರಬ್ಬರು ಬಿಸಿಯಾಯಿತು. ಬಿಸಿಯಾದ ರಬ್ಬರು ಏನು ಕಂಡರೂ ಬಿಡಲಿಲ್ಲ. ಜಲ್ಲಿಕಲ್ಲು, ಬಾಟಲಿ ಮುಚ್ಚಳ, ತರಗೆಲೆ, ಯಾರೋ ಉಗಿದ ಚೂಯಿಂಗ್ ಗಮ್ಮು, "ಕಾಣೆಯಾಗಿದೆ: ಬಿಳಿ ಬೆಕ್ಕು" ಎಂಬ ಭಿತ್ತಿಪತ್ರ, ಎಲ್ಲವೂ ಚಕ್ರಕ್ಕಂಟಿ ಜೊತೆಗೆ ಬಂದವು. ಕಾರು ಓಡುತ್ತಿದ್ದರೆ ಹುರಿಗಾಳಿನ ಬಾಣಲೆಯಂತೆ ಚಟಪಟ ಸದ್ದು.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಕ್ಲಿನಿಕ್ಕಿನ ಮುಂದೆ ನಿಂತರು. ಮೀಟರಿನಲ್ಲಿ ನೂರೈವತ್ತೆರಡು. ದಂತಶಿಲ್ಪಿ ಒಳಗೋಡಿ ಹಲ್ಲಿನ ಸಂದಿ ಕೆದಕುವ ಕೊಕ್ಕೆ ತಂದ. ಹತ್ತು ನಿಮಿಷ ನಾಲ್ಕು ಚಕ್ರಗಳ ಸಂದಿಯಿಂದ ಕಲ್ಲು ಕೆದಕುವ ಕೆಲಸ ನಡೆಯಿತು. ಕಾಯುವ ಕೋಣೆಯ ರೋಗಿಗಳೆಲ್ಲ ಕಿಟಕಿಗೆ ಮುಗಿಬಿದ್ದರು. ಅಷ್ಟು ನಿಷ್ಠೆಯಿಂದ ಆ ಕ್ಲಿನಿಕ್ಕಿನಲ್ಲಿ ಯಾರ ಹಲ್ಲನ್ನೂ ಸ್ವಚ್ಛ ಮಾಡಿರಲಿಲ್ಲ.

ಡಾಕ್ಟರಮ್ಮ ಬಂದರು. ಟಯರು ನೋಡಲಿಲ್ಲ. ಚಾಲಕನ ಬಾಗಿಲು ತೆರೆದು, "ಇಳಿ. ಆ ಕಡೆ ಕೂತ್ಕೋ" ಎಂದರು.

ನಿಧಾನಪ್ಪ ತಬ್ಬಿಬ್ಬಾಗಿ ಪಕ್ಕದ ಸೀಟಿಗೆ ಸರಿದ. ನಾಲ್ಕು ವರ್ಷದಲ್ಲಿ ಆ ಸೀಟಿನಿಂದ ರಸ್ತೆ ಹೇಗೆ ಕಾಣುತ್ತದೆಂದು ಅವನು ನೋಡಿಯೇ ಇರಲಿಲ್ಲ. ಭಯಂಕರವಾಗಿ ಕಂಡಿತು.

ಗುಡ್ಡದ ರಸ್ತೆ ಬಂತು. ಮೊಣಕೈ ತಿರುವು ಬಂತು. ಸ್ಟೀರಿಂಗು ಹಿಡಿದ ಡಾಕ್ಟರಮ್ಮನ ಬೆರಳಿನ ಗೆಣ್ಣುಗಳು ಬೆಳ್ಳಗಾಗಿದ್ದವು. ಮುಳ್ಳು ಅರವತ್ತರ ಮೇಲಿತ್ತು. ನಿಧಾನಪ್ಪ ಕಣ್ಣು ಮುಚ್ಚಿ ತನ್ನ ಕೆಲಸವನ್ನು, ಅದಾದ ಮೇಲೆ ಪ್ರಾಣವನ್ನು, ಇದೇ ಕ್ರಮದಲ್ಲಿ ಭಗವಂತನಿಗೆ ಒಪ್ಪಿಸಿದ. ಟಯರುಗಳು ಒಮ್ಮೆ ಸಣ್ಣಗೆ ಗುನುಗಿದವು. ಅಷ್ಟೇ. ಕಾರು ತಾಯ ಸೊಂಟ ಹಿಡಿದ ಕೂಸಿನಂತೆ ರಸ್ತೆಯನ್ನು ಅಪ್ಪಿಕೊಂಡು ತಿರುವು ದಾಟಿತು.

ಡಾಕ್ಟರಮ್ಮ ನಕ್ಕರು. ರೋಗಿಗಳ ಬಾಯಿ ತೆರೆಸುವುದೇ ಕೆಲಸವಾಗಿದ್ದ ಅವರು ಸ್ವತಃ ಬಾಯ್ತುಂಬ ನಕ್ಕದ್ದನ್ನು ಅವನು ಅಂದೇ ನೋಡಿದ್ದು. ಕಾರು ತಿರುಗಿಸಿ ಮತ್ತೆ ಅದೇ ತಿರುವು ಹಾಯ್ದರು. ಮತ್ತೊಮ್ಮೆ ಹಾಯ್ದರು. ಗುಡ್ಡದ ತುದಿಯಲ್ಲಿ ನಿಲ್ಲಿಸಿ ಉಸಿರುಬಿಟ್ಟರು.

"ಶಭಾಷ್ ಕಣಯ್ಯಾ! ಯಾರು ಆರಿಸಿದ್ದು?"

"ನಾನೇ ಅಮ್ಮಾ." ಅವನ ಎದೆ ಎರಡಂಗುಲ ಅಗಲವಾಯಿತು.

"ಒಂದು ಮಾತು ಹೇಳ್ತೀನಿ, ಯಾರಿಗೂ ಹೇಳ್ಬೇಡ. ಕಾರು ತಗೊಂಡ ಮೂರನೇ ದಿನಾನೇ ಇಲ್ಲಿ ಜಾರಿಸ್ಬಿಟ್ಟಿದ್ದೆ. ಮೋರಿಗೆ ಬೀಳೋದು ಸ್ವಲ್ಪದ್ರಲ್ಲಿ ತಪ್ತು. ಆವತ್ತಿಂದ ಸ್ಟೀರಿಂಗ್ ಮುಟ್ಟೋಕೇ ಹೆದರಿಕೆ. ಓಡಿಸೋಕೆ ಟೈಮಿಲ್ಲ ಅಂತ ಊರಿಗೆಲ್ಲ ಹೇಳ್ಕೊಂಡು ಡ್ರೈವರ್ ಹುಡುಕ್ದೆ. ಹದಿನೇಳು ಜನರನ್ನ ನೋಡ್ದೆ. ನಿನ್ನಷ್ಟು ನಿಧಾನ ಇನ್ಯಾರೂ ಇರ್ಲಿಲ್ಲ, ಅದಕ್ಕೇ ನಿನ್ನ ಇಟ್ಕೊಂಡೆ." ಅವರು ಸ್ಟೀರಿಂಗನ್ನು ಅಕ್ಕರೆಯಿಂದ ಸವರಿದರು. "ಇವತ್ತು ಆ ಹೆದರಿಕೆ ಬೇರುಸಹಿತ ಕಿತ್ತುಹೋಯ್ತು."

"ಎಲ್ಲಾ ದೇವರ ದಯೆ ಅಮ್ಮಾ. ಹಾಗಾದ್ರೆ ನಾಳೆ ಎಷ್ಟು ಗಂಟೆಗೆ ಬರ್ಲಿ?"

"ನಾಳೆ ಯಾಕೆ? ಇನ್ಮೇಲೆ ನಾನೇ ಓಡಿಸ್ತೀನಲ್ಲ."

ನಿಧಾನಪ್ಪನಿಗೆ ಮಾತು ಅರ್ಥವಾಗಲು ಅವನ ಸ್ವಭಾವಕ್ಕೆ ತಕ್ಕಷ್ಟು ಹೊತ್ತು ಹಿಡಿಯಿತು.

"ಅಮ್ಮಾ... ಒಂದು ವೇಳೆ ಜಾರಿದ್ದಿದ್ರೆ?"

"ಜಾರಿದ್ರೆ ಕೆಲ್ಸದಿಂದ ಬಿಡಿಸ್ತೀನಿ ಅಂತ ಬೆಳಿಗ್ಗೆನೇ ಹೇಳಿದ್ನಲ್ಲ" ಎಂದರು ಡಾಕ್ಟರಮ್ಮ, ಇದರಲ್ಲಿ ಕೇಳುವುದೇನಿದೆ ಎಂಬಂತೆ. ಆಮೇಲೆ ಅವನ ಮುಖ ನೋಡಿ ಕನಿಕರವಾಯಿತು. "ಬೇಜಾರು ಮಾಡ್ಕೋಬೇಡ. ಈ ಟಯರು ಬೇಗ ಸವೆಯುತ್ತಂತೆ. ಸವೆದಾಗ ಖಂಡಿತ ಹೇಳಿ ಕಳಿಸ್ತೀನಿ. ಆರಿಸೋದ್ರಲ್ಲಿ ನಿನ್ನ ಬಿಟ್ರೆ ಇಲ್ಲ."

ಅವನನ್ನು ಮನೆಯ ಬೀದಿಯ ತುದಿಯಲ್ಲಿ ಇಳಿಸಿದರು. ಕಾರು ಹೂಂಕರಿಸಿ ಹಾರಿತು. ನಾನೂರೈವತ್ತು ಕುದುರೆಗಳೂ ಒಮ್ಮೆಗೇ ಕೆನೆದಂತೆ ಕೇಳಿಸಿತು. ಧೂಳು ಇಳಿಯುವ ಮೊದಲೇ ಜೇಬಿನಲ್ಲಿ ಫೋನು ಬಡಿದುಕೊಂಡಿತು.

"ಏನಾಯ್ತ್ರೀ? ಟಯರು ಹಿಡೀತಾ?"

"ಹಿಡೀತು."

"ಜಾರ್ಲಿಲ್ವಾ?"

"ಕೂದಲೆಳೆಯಷ್ಟೂ ಇಲ್ಲ."

"ಅಬ್ಬಾ, ದೇವರು ದೊಡ್ಡೋನು! ಬೆಳಿಗ್ಗೆಯಿಂದ ಒಂದು ತುತ್ತು ಬಾಯಿಗಿಟ್ಟಿಲ್ಲ ಗೊತ್ತಾ? ಹಿಡೀಲಪ್ಪಾ, ಗಟ್ಟಿಯಾಗಿ ಹಿಡೀಲಪ್ಪಾ ಅಂತ ಒಂದೇ ಸಮ ಬೇಡ್ಕೊಂಡೆ."

ನಿಧಾನಪ್ಪ ಖಾಲಿ ರಸ್ತೆಯನ್ನು ನೋಡುತ್ತ ನಿಂತ.

"ಸ್ವಲ್ಪ ಕಮ್ಮಿ ಬೇಡ್ಕೋಬೇಕಿತ್ತು ಕಣೇ" ಎಂದ.